ಸಾಮಾಜಿಕ ಭೀತಿ

ಸಾಮಾಜಿಕ ಭೀತಿ ಅಥವಾ ಸಾಮಾಜಿಕ ಆತಂಕದ ಕಾಯಿಲೆ ಎಂಬುದು, ಇತರರು ತನ್ನನ್ನು ಗಮನಿಸಿ ತೂಗಿ ನೋಡಬಹುದಾದ ಸಂದರ್ಭಗಳ ಬಗ್ಗೆ ವ್ಯಕ್ತಿಯಲ್ಲಿ ತೀವ್ರವೂ ದೀರ್ಘಕಾಲಿಕವೂ ಆದ ಅಂಜಿಕೆಯನ್ನು ಉಂಟುಮಾಡುವ ಮಾನಸಿಕ ಕಾಯಿಲೆಯಾಗಿದೆ. ಸಭೆಯಲ್ಲಿ ಮಾತನಾಡುವುದು, ಅಪರಿಚಿತರೊಡನೆ ಸಂಭಾಷಿಸುವುದು, ಇತರರ ಎದುರು ಊಟ ಮಾಡುವುದು, ಬೇರೆಯವರು ನೋಡುತ್ತಿರುವಾಗ ಸಹಿ ಹಾಕುವುದು, ಮೇಲಧಿಕಾರಿಯನ್ನು ಕಾಣುವುದು ಮುಂತಾದವು ಇಂತಹ ಸಂದರ್ಭಗಳು. ತಾನು ತಪ್ಪು ಮಾಡಿ ನಗೆಪಾಟಲಿಗೀಡಾಗುವೆನು, ತನ್ನ ನಡುಕ ಅಥವಾ ಬೆವರು ಇತರರಿಗೆ ಕಾಣುವುದು, ಅವರು ತನ್ನನ್ನು ಕೀಳಾಗಿ ಎಣಿಸುವರು ಎಂಬ ಶಂಕೆ ಈ ಭೀತಿಯ ತಿರುಳು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಇದಕ್ಕೆ ಎಫ್40.1 ಎಂಬ ಸಂಕೇತವಿದ್ದು, ಹನ್ನೊಂದನೆಯ ಆವೃತ್ತಿಯಲ್ಲಿ 6ಬಿ04 ಎಂಬ ಸಂಕೇತವಿದೆ.

ಸಾಮಾನ್ಯವಾಗಿ ಹದಿಹರೆಯದ ಆರಂಭದಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆ ಚಿಕಿತ್ಸೆಯಿಲ್ಲದಿದ್ದರೆ ಹಲವು ವರ್ಷ ಮುಂದುವರಿಯುತ್ತದೆ. ಮನೋಚಿಕಿತ್ಸೆಯಿಂದಲೂ ಔಷಧಗಳಿಂದಲೂ ಇದನ್ನು ಗಣನೀಯವಾಗಿ ಕಡಿಮೆ ಮಾಡಲು ಸಾಧ್ಯವಿದೆ. ಆದರೂ ಬಹುಪಾಲು ರೋಗಿಗಳು ವೈದ್ಯರವರೆಗೆ ಬರುವುದೇ ಇಲ್ಲ. ಅಪರಿಚಿತರೊಬ್ಬರ ಎದುರು ಕುಳಿತು ತನ್ನ ಬಗ್ಗೆ ಹೇಳಿಕೊಳ್ಳುವುದೇ ಈ ಕಾಯಿಲೆಯಲ್ಲಿ ಅತ್ಯಂತ ಕಷ್ಟದ ಕೆಲಸವಾಗಿರುವುದು ಅದಕ್ಕೆ ಒಂದು ಕಾರಣ.

ಹೆಸರು ಮತ್ತು ಇತಿಹಾಸ

ಫ್ರಾನ್ಸಿನ ಮನೋವೈದ್ಯ ಪಿಯರ್ ಜಾನೆ 1903ರಲ್ಲಿ ಸಾಮಾಜಿಕ ಸಂದರ್ಭಗಳ ಭೀತಿಯನ್ನು ಪ್ರತ್ಯೇಕವಾಗಿ ವಿವರಿಸಿದನು. ಜಪಾನಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶೋಮಾ ಮೊರಿಟ ಎಂಬ ವೈದ್ಯನು 'ತೈಜಿನ್ ಕ್ಯೋಫುಷೋ' ಎಂಬ ಸ್ಥಿತಿಯ ಬಗ್ಗೆ ಬರೆದನು. ತನ್ನ ನೋಟ, ಮುಖ ಕೆಂಪಾಗುವಿಕೆ ಅಥವಾ ಮೈಯ ವಾಸನೆಯಿಂದ ಇತರರಿಗೆ ಮುಜುಗರವಾಗುವುದು ಎಂಬುದು ಅಲ್ಲಿನ ಭೀತಿ. ಅಂದರೆ ತನಗಾಗುವ ಅವಮಾನಕ್ಕಿಂತ ತನ್ನಿಂದ ಇತರರಿಗಾಗುವ ತೊಂದರೆಯ ಚಿಂತೆ ಅದರಲ್ಲಿ ಮುಖ್ಯವಾಗಿದೆ.

1966ರಲ್ಲಿ ಲಂಡನ್ನಿನ ಐಸಾಕ್ ಮಾರ್ಕ್ಸ್ ಮತ್ತು ಮೈಕೆಲ್ ಗೆಲ್ಡರ್, ವಿವಿಧ ಭೀತಿಗಳು ಆರಂಭವಾಗುವ ವಯಸ್ಸು ಬೇರೆ ಬೇರೆ ಎಂಬುದನ್ನು ತೋರಿಸಿ, ಪ್ರಾಣಿಗಳ ಭೀತಿ ಹಾಗೂ ಬಯಲಿನ ಭೀತಿಗಳಿಂದ ಸಾಮಾಜಿಕ ಭೀತಿಯನ್ನು ಬೇರ್ಪಡಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ ಸ್ವತಂತ್ರ ಸ್ಥಾನ ದೊರೆಯಿತು. 1985ರಲ್ಲಿ ಮೈಕೆಲ್ ಲೀಬೊವಿಟ್ಜ್ ಮತ್ತು ಸಂಗಡಿಗರು ಇದನ್ನು ಕಡೆಗಣಿಸಲ್ಪಟ್ಟ ಆತಂಕದ ಕಾಯಿಲೆ ಎಂದು ಕರೆದು ಪ್ರಕಟಿಸಿದ ವಿಮರ್ಶಾ ಲೇಖನದ ನಂತರ ಸಂಶೋಧನೆ ವೇಗ ಪಡೆಯಿತು. 2013ರ ಐದನೆಯ ಆವೃತ್ತಿಯಲ್ಲಿ 'ಸಾಮಾಜಿಕ ಆತಂಕದ ಕಾಯಿಲೆ' ಎಂಬುದು ಮುಖ್ಯ ಹೆಸರಾಯಿತು.

ಲಕ್ಷಣಗಳು

ದೈಹಿಕವಾಗಿ ಎದೆಬಡಿತ ಹೆಚ್ಚುವುದು, ಮುಖ ಕೆಂಪೇರುವುದು, ಕೈ ಮತ್ತು ಧ್ವನಿ ನಡುಗುವುದು, ಬೆವರು, ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಕಂಡುಬರುತ್ತವೆ. ಮಾತಿನ ನಡುವೆ ಮನಸ್ಸು ಖಾಲಿಯಾದಂತೆ ಅನಿಸುವುದೂ ಸಾಮಾನ್ಯ. ಮಕ್ಕಳಲ್ಲಿ ಅಳು, ಹಟ, ತಾಯಿಯ ಸೆರಗಿಗೆ ಅಂಟಿಕೊಳ್ಳುವುದು, ಮನೆಯಲ್ಲಿ ಚೆನ್ನಾಗಿ ಮಾತನಾಡುವ ಮಗು ಶಾಲೆಯಲ್ಲಿ ಬಾಯಿ ತೆರೆಯದಿರುವುದು ಮುಂತಾದ ರೂಪಗಳಲ್ಲಿ ಭೀತಿ ವ್ಯಕ್ತವಾಗಬಹುದು.

ಆದರೆ ರೋಗಿಯ ಬದುಕನ್ನು ಕಿರಿದಾಗಿಸುವುದು ಈ ದೈಹಿಕ ಲಕ್ಷಣಗಳಿಗಿಂತ ಹೆಚ್ಚಾಗಿ ತಪ್ಪಿಸಿಕೊಳ್ಳುವ ವರ್ತನೆ. ಹಾಜರಿ ಕೂಗುವಾಗ 'ಪ್ರೆಸೆಂಟ್' ಎನ್ನಬೇಕಾಗುವ ಭಯದಿಂದ ತರಗತಿಗೆ ತಡವಾಗಿ ಹೋಗುವುದು, ಮೌಖಿಕ ಪರೀಕ್ಷೆಯಿರುವ ಕೋರ್ಸನ್ನೇ ಬಿಡುವುದು, ಬಡ್ತಿ ಬಂದರೆ ಸಭೆ ನಡೆಸಬೇಕಾಗುವುದೆಂದು ಬಡ್ತಿಯನ್ನು ನಿರಾಕರಿಸುವುದು, ಮದುವೆಮನೆಗೆ ಊಟದ ಹೊತ್ತು ಕಳೆದ ಮೇಲೆ ಹೋಗಿ ಬರುವುದು, ಇವೆಲ್ಲ ಹೊರನೋಟಕ್ಕೆ ಸೋಮಾರಿತನ, ಅಹಂಕಾರ ಅಥವಾ ನಿರಾಸಕ್ತಿಯಂತೆ ಕಾಣುತ್ತವೆ. ಸಂದರ್ಭಕ್ಕೆ ಹಲವು ದಿನಗಳ ಮೊದಲೇ ಆತಂಕ ಆರಂಭವಾಗುತ್ತದೆ. ಮುಗಿದ ನಂತರವೂ ತಾನು ಆಡಿದ ಪ್ರತಿಯೊಂದು ಮಾತನ್ನು ಮತ್ತೆ ಮತ್ತೆ ನೆನೆದು ತಪ್ಪು ಹುಡುಕುವ ಚಾಳಿ ನಿದ್ದೆಯನ್ನೂ ಕಸಿದುಕೊಳ್ಳಬಹುದು.

ನಾಚಿಕೆ, ಸಭಾಕಂಪ ಮತ್ತು ಸಾಮಾಜಿಕ ಭೀತಿ

ಕನ್ನಡದಲ್ಲಿ ನಾಚಿಕೆ, ಸಂಕೋಚ, ಅಳುಕು, ಸಭಾಕಂಪ ಎಂಬ ಪದಗಳು ಬಹುಕಾಲದಿಂದ ಬಳಕೆಯಲ್ಲಿವೆ. ತುಳುವಿನಲ್ಲಿ ನಾಚಿಗೆ ಮತ್ತು ಪೋಡಿಗೆ ಎಂಬ ಬೇರೆ ಬೇರೆ ಪದಗಳಿವೆ. ಮೊದಲನೆಯದು ಲಜ್ಜೆಯನ್ನೂ ಎರಡನೆಯದು ಹೆದರಿಕೆಯನ್ನೂ ಸೂಚಿಸುತ್ತದೆ. ಸಾಮಾಜಿಕ ಭೀತಿಯಲ್ಲಿ ಇವೆರಡೂ ಬೆರೆತಿರುವುದರಿಂದ ಯಾವುದಾದರೂ ಒಂದೇ ಪದದಿಂದ ಅದನ್ನು ಹೇಳುವುದು ಕಷ್ಟ.

ನಾಚಿಕೆ ಒಂದು ಸ್ವಭಾವ, ಕಾಯಿಲೆಯಲ್ಲ. ನಾಚಿಕೆಯ ವ್ಯಕ್ತಿ ಹೊಸಬರ ನಡುವೆ ಸ್ವಲ್ಪ ಹೊತ್ತು ಮುದುಡಿಕೊಂಡು ನಂತರ ಹೊಂದಿಕೊಳ್ಳುತ್ತಾನೆ. ಏಕಾಂತವನ್ನು ಮೆಚ್ಚುವ ಅಂತರ್ಮುಖಿಗೆ ಜನರ ಭಯವಿರಬೇಕೆಂದಿಲ್ಲ. ಸಾಮಾಜಿಕ ಭೀತಿಯುಳ್ಳವನಾದರೋ ಜನರ ಒಡನಾಟವನ್ನು ಬಯಸುತ್ತಲೇ ಅದರಿಂದ ದೂರವಿರುತ್ತಾನೆ. ಸಭಾಕಂಪವು ವೇದಿಕೆಗೆ ಮಾತ್ರ ಸೀಮಿತ. ಅನುಭವಿ ಕಲಾವಿದರಿಗೂ ಅದು ಇರುತ್ತದೆ. ವೇದಿಕೆಯ ಭಯವೊಂದೇ ವಿಪರೀತವಾಗಿ ಓದು ಅಥವಾ ಉದ್ಯೋಗವನ್ನು ಕೆಡಿಸುವ ಮಟ್ಟ ತಲುಪಿದಾಗ ಅದನ್ನು ಸಾಮಾಜಿಕ ಭೀತಿಯ ಪ್ರದರ್ಶನಸಂಬಂಧಿ ಪ್ರಕಾರವೆಂದು ಗುರುತಿಸಲಾಗುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಇದೆ. ಕರಾವಳಿಯ ಯಕ್ಷಗಾನದಂತಹ ಕಲೆಯಲ್ಲಿ ಬಣ್ಣ ಹಚ್ಚಿ, ವೇಷ ಕಟ್ಟಿ, ನೂರಾರು ಜನರೆದುರು ಕುಣಿಯಬಲ್ಲವನು ಚೌಕಿಯಿಂದ ಹೊರಗೆ ಬಂದ ಮೇಲೆ ಒಬ್ಬ ಅಪರಿಚಿತನೊಡನೆ ಚಹಾ ಕುಡಿಯುತ್ತ ಮಾತನಾಡಲು ಹಿಂಜರಿಯಬಹುದು. ರಂಗದಲ್ಲಿ ಪಾತ್ರಕ್ಕೆ ಒಂದು ಹೆಸರು, ನಡೆ ಮತ್ತು ಪ್ರಸಂಗದ ಚೌಕಟ್ಟು ಇರುತ್ತದೆ. ದಿನನಿತ್ಯದ ಮಾತುಕತೆಗೆ ಅಂತಹ ಚೌಕಟ್ಟಿಲ್ಲ. ಆದುದರಿಂದ ವೇದಿಕೆಯಲ್ಲಿ ಧೈರ್ಯವಿದೆ ಎಂಬ ಒಂದೇ ಕಾರಣಕ್ಕೆ ಸಾಮಾಜಿಕ ಭೀತಿಯಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ಕಾರಣಗಳು

ಒಂದೇ ಕಾರಣವನ್ನು ಗುರುತಿಸಲಾಗಿಲ್ಲ. ರೋಗಿಯ ಒಡಹುಟ್ಟಿದವರು, ಮಕ್ಕಳು ಮುಂತಾದ ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕಾಯಿಲೆಯ ಸಂಭವ ಇತರರಿಗಿಂತ 2ರಿಂದ 6 ಪಟ್ಟು ಹೆಚ್ಚು. ಆದರೆ ಆನುವಂಶಿಕವಾಗಿ ಬರುವುದು ಕಾಯಿಲೆಯಲ್ಲ, ಅದಕ್ಕೆ ಒಲಿಯುವ ಪ್ರವೃತ್ತಿ. ಹೊಸ ವ್ಯಕ್ತಿ, ಹೊಸ ವಸ್ತುಗಳಿಂದ ಶೈಶವದಲ್ಲಿಯೇ ಹಿಂಜರಿಯುವ ಕೆಲವು ಮಕ್ಕಳ ಸ್ವಭಾವವನ್ನು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಕೇಗನ್ ದೀರ್ಘಕಾಲ ಅಧ್ಯಯನ ಮಾಡಿದನು. ಇಂತಹ ಮಕ್ಕಳಲ್ಲಿ ಮುಂದೆ ಸಾಮಾಜಿಕ ಆತಂಕ ಹೆಚ್ಚಾಗಿ ಕಂಡುಬರುತ್ತದೆ. ಮಿದುಳಿನಲ್ಲಿ ಅಪಾಯವನ್ನು ಗ್ರಹಿಸುವ ಅಮಿಗ್ಡಾಲ ಎಂಬ ಭಾಗವು ಸಿಟ್ಟಿನ ಅಥವಾ ತಿರಸ್ಕಾರದ ಮುಖಗಳನ್ನು ಕಂಡಾಗ ಈ ರೋಗಿಗಳಲ್ಲಿ ಹೆಚ್ಚು ಚುರುಕಾಗುವುದನ್ನು ಚಿತ್ರಣ ಅಧ್ಯಯನಗಳು ತೋರಿಸಿವೆ.

ತರಗತಿಯಲ್ಲಿ ಎಲ್ಲರೆದುರು ಅವಮಾನಿತನಾಗುವುದು, ಸಹಪಾಠಿಗಳ ಗೇಲಿ, ಉಗ್ಗು, ಮುಖದ ಮೇಲಿನ ಕಲೆ ಮುಂತಾದವನ್ನು ಕುರಿತ ಅಡ್ಡಹೆಸರುಗಳು ಅನೇಕ ರೋಗಿಗಳ ನೆನಪಿನಲ್ಲಿ ಉಳಿದಿರುತ್ತವೆ. ಭಾಷೆಯೂ ಒಂದು ಸಂಗತಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಗನ್ನಡ ಆಡುವ, ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ವಿದ್ಯಾರ್ಥಿ ಕಾಲೇಜಿನಲ್ಲಿ ಒಮ್ಮೆಗೇ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕಾದಾಗ ಮೌನವಾಗುವುದು ಸಹಜ. ಇದು ತಾನಾಗಿ ಕಾಯಿಲೆಯಲ್ಲ. ಆದರೆ ಪ್ರವೃತ್ತಿಯಿರುವವನಲ್ಲಿ ಅದೇ ಮೌನ ಅಭ್ಯಾಸವಾಗಿ, ಭಾಷೆ ಕಲಿತ ನಂತರವೂ ಭಯ ಉಳಿದುಬಿಡಬಹುದು.

ಭೀತಿ ಉಳಿದುಕೊಳ್ಳುವ ಬಗೆ

ಪ್ರತಿದಿನ ಜನರ ನಡುವೆಯೇ ಇದ್ದೂ, ಕೆಡುಕೇನೂ ಆಗದಿದ್ದರೂ ಈ ಭಯ ಏಕೆ ಕರಗುವುದಿಲ್ಲ ಎಂಬ ಪ್ರಶ್ನೆಗೆ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ಮಾದರಿ ಉತ್ತರ ನೀಡುತ್ತದೆ. ಈಗಿನ ಚಿಕಿತ್ಸೆಗಳು ಬಹುಮಟ್ಟಿಗೆ ಇದನ್ನೂ, 1997ರಲ್ಲಿ ರೊನಾಲ್ಡ್ ರೇಪೀ ಹಾಗೂ ರಿಚರ್ಡ್ ಹೈಂಬರ್ಗ್ ಮಂಡಿಸಿದ ಮಾದರಿಯನ್ನೂ ಅವಲಂಬಿಸಿವೆ.

ಆತಂಕದ ಸಂದರ್ಭವನ್ನು ಪ್ರವೇಶಿಸಿದ ಕೂಡಲೇ ರೋಗಿಯ ಗಮನ ಎದುರಿಗಿರುವವರಿಂದ ತನ್ನೊಳಕ್ಕೆ ತಿರುಗುತ್ತದೆ. ಎದೆ ಹೊಡೆದುಕೊಳ್ಳುತ್ತಿದೆ, ಕಿವಿ ಬಿಸಿಯಾಗಿದೆ ಎಂಬ ಒಳಗಿನ ಅರಿವಿನಿಂದ ಹೊರಗಿನವರಿಗೆ ತಾನು ಹೇಗೆ ಕಾಣುತ್ತಿರುವೆನೆಂಬ ಚಿತ್ರವನ್ನು ಆತ ಕಲ್ಪಿಸಿಕೊಳ್ಳುತ್ತಾನೆ. ಆ ಚಿತ್ರ ವಾಸ್ತವಕ್ಕಿಂತ ಬಹಳ ಕೆಟ್ಟದಾಗಿರುತ್ತದೆ. ಎದುರಿನವರ ಮುಖವನ್ನು ಸರಿಯಾಗಿ ನೋಡದ ಕಾರಣ ಅವರ ನಗು, ಆಸಕ್ತಿ ಅಥವಾ ಉದಾಸೀನ ಅವನಿಗೆ ತಿಳಿಯುವುದಿಲ್ಲ; ಕಲ್ಪನೆಯೇ ಪ್ರಮಾಣವಾಗುತ್ತದೆ.

ಎರಡನೆಯದು ಸುರಕ್ಷತಾ ವರ್ತನೆಗಳು. ಕೈ ನಡುಗುವುದು ಕಾಣದಿರಲೆಂದು ಲೋಟವನ್ನು ಬಿಗಿಯಾಗಿ ಹಿಡಿಯುವುದು, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಸಲ ಉರು ಹೊಡೆಯುವುದು, ಮೊಬೈಲನ್ನು ನೋಡುತ್ತಿರುವಂತೆ ನಟಿಸುವುದು, ಕಣ್ಣು ತಪ್ಪಿಸುವುದು ಮುಂತಾದವು ಇದಕ್ಕೆ ಸೇರುತ್ತವೆ. ಲೋಟವನ್ನು ಬಿಗಿಯಾಗಿ ಹಿಡಿದಷ್ಟೂ ಕೈ ಹೆಚ್ಚು ನಡುಗುತ್ತದೆ. ಕಣ್ಣು ತಪ್ಪಿಸುವವನೊಡನೆ ಜನ ಹೆಚ್ಚು ಮಾತನಾಡುವುದಿಲ್ಲ. ಹೀಗೆ ರಕ್ಷಣೆಗಾಗಿ ಮಾಡಿದ್ದೇ ಭಯಪಟ್ಟದ್ದನ್ನು ಉಂಟುಮಾಡುತ್ತದೆ. ಏನೂ ಕೆಡುಕಾಗದಿದ್ದಾಗಲೂ 'ಇಂದು ಹೇಗೋ ತಪ್ಪಿಸಿಕೊಂಡೆ' ಎಂಬ ಭಾವನೆ ಬರುವುದೇ ಹೊರತು, ಅಪಾಯವೇ ಇರಲಿಲ್ಲ ಎಂಬ ಅರಿವು ಮೂಡುವುದಿಲ್ಲ.

ರೋಗನಿರ್ಣಯ

ರಕ್ತಪರೀಕ್ಷೆ ಅಥವಾ ಸ್ಕ್ಯಾನಿಂಗಿನಿಂದ ಈ ಕಾಯಿಲೆಯನ್ನು ಗುರುತಿಸಲಾಗುವುದಿಲ್ಲ, ಮಾತುಕತೆಯೇ ಆಧಾರ. ಐದನೆಯ ಅಮೆರಿಕನ್ ಕೈಪಿಡಿಯ ಪ್ರಕಾರ ಭಯ ಅಥವಾ ತಪ್ಪಿಸಿಕೊಳ್ಳುವಿಕೆ ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇರಬೇಕು, ನಿಜವಾದ ಅಪಾಯಕ್ಕೆ ಮೀರಿದ್ದಾಗಿರಬೇಕು ಮತ್ತು ಓದು, ಉದ್ಯೋಗ ಅಥವಾ ಸಂಬಂಧಗಳಿಗೆ ಅಡ್ಡಿಯಾಗಿರಬೇಕು. ತೀವ್ರತೆಯನ್ನು ಅಳೆಯಲು 24 ಸಂದರ್ಭಗಳನ್ನು ಒಳಗೊಂಡ ಲೀಬೊವಿಟ್ಜ್ ಮಾಪಕ ಮತ್ತು 17 ಪ್ರಶ್ನೆಗಳ ಸಾಮಾಜಿಕ ಭೀತಿ ಪಟ್ಟಿ ಬಳಕೆಯಲ್ಲಿವೆ. ಗಾಬರಿಯ ಕಾಯಿಲೆ, ಬಯಲಿನ ಭೀತಿ, ಖಿನ್ನತೆ, ಆಟಿಸಂ, ಸ್ಕಿಜೋಫ್ರೇನಿಯಾದ ಆರಂಭ ಹಾಗೂ ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಗಳಿಂದ ಇದನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ.

ಖಿನ್ನತೆ ಮತ್ತು ಮದ್ಯವ್ಯಸನ ಇದರೊಡನೆ ಹೆಚ್ಚಾಗಿ ಕಂಡುಬರುತ್ತವೆ. ಸಾಮಾನ್ಯವಾಗಿ ಸಾಮಾಜಿಕ ಭೀತಿ ಮೊದಲು ಬರುತ್ತದೆ, ಅವು ನಂತರ ಬರುತ್ತವೆ. ಮದುವೆಯ ಔತಣಕ್ಕೆ ಹೋಗುವ ಮುನ್ನ ಧೈರ್ಯಕ್ಕೆಂದು ಒಂದು ಪೆಗ್ ಕುಡಿಯಲು ಆರಂಭಿಸಿದವನಿಗೆ ಕ್ರಮೇಣ ಕುಡಿಯದೆ ಯಾರನ್ನೂ ಕಾಣಲಾಗದ ಸ್ಥಿತಿ ಉಂಟಾಗಬಹುದು. ವ್ಯಸನಮುಕ್ತಿಗೆ ಬಂದ ರೋಗಿಯಲ್ಲಿ ಮೂಲ ಭೀತಿಯನ್ನು ಗುರುತಿಸದೆ ಹೋದರೆ ಮದ್ಯ ಬಿಟ್ಟರೂ ಮರಳಿ ಹಿಡಿಯುವ ಸಂಭವ ಉಳಿಯುತ್ತದೆ.

ವ್ಯಾಪ್ತಿ

28 ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ವಿಶ್ವ ಮಾನಸಿಕ ಆರೋಗ್ಯ ಸಮೀಕ್ಷೆಗಳ ವಿಶ್ಲೇಷಣೆಯಂತೆ, ಜೀವಿತಾವಧಿಯಲ್ಲಿ ಒಮ್ಮೆಯಾದರೂ ಸಾಮಾಜಿಕ ಭೀತಿಗೆ ಒಳಗಾದವರು ಶೇಕಡ 4ರಷ್ಟು. ಶ್ರೀಮಂತ ದೇಶಗಳಲ್ಲಿ ಪ್ರಮಾಣ ಹೆಚ್ಚು. ಅಮೆರಿಕದಲ್ಲಿ ಅದು ಸುಮಾರು ಶೇಕಡ 12. ಜನಸಮುದಾಯದಲ್ಲಿ ಸ್ತ್ರೀಯರ ಸಂಖ್ಯೆ ಹೆಚ್ಚಿದ್ದರೂ ಚಿಕಿತ್ಸಾಲಯಗಳಲ್ಲಿ ಪುರುಷರು ಅಷ್ಟೇ ಅಥವಾ ಹೆಚ್ಚು ಸಂಖ್ಯೆಯಲ್ಲಿ ಕಾಣುತ್ತಾರೆ. ಮಾತನಾಡದ ಹುಡುಗಿಯನ್ನು 'ಸಂಭಾವಿತೆ' ಎಂದು ಹೊಗಳುವ ಸಮಾಜದಲ್ಲಿ ಆಕೆಯ ಭಯ ರೋಗವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಆತಂಕ ಮತ್ತು ಖಿನ್ನತೆಗಳನ್ನು ಒಳಗೊಂಡ ಸಾಮಾನ್ಯ ಮಾನಸಿಕ ಕಾಯಿಲೆಗಳುಳ್ಳವರ ಪೈಕಿ ಶೇಕಡ 85ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಚಿಕಿತ್ಸೆ

ಅರಿವು-ವರ್ತನಾ ಚಿಕಿತ್ಸೆ

ವಯಸ್ಕರ ಚಿಕಿತ್ಸೆಗಳ ಕುರಿತ 101 ಪ್ರಯೋಗಗಳನ್ನು ಒಟ್ಟಾಗಿ ವಿಶ್ಲೇಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನೋಚಿಕಿತ್ಸೆಗಳ ಪೈಕಿ ವೈಯಕ್ತಿಕ ಅರಿವು-ವರ್ತನಾ ಚಿಕಿತ್ಸೆಯ ಪರಿಣಾಮ ಅತ್ಯಧಿಕವಾಗಿ ಕಂಡುಬಂದಿತು. ಬ್ರಿಟನ್ನಿನ 2013ರ ಮಾರ್ಗಸೂಚಿಯೂ ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸುತ್ತದೆ. ವಾರಕ್ಕೊಂದರಂತೆ ಹದಿನಾಲ್ಕರ ಆಸುಪಾಸಿನ ಭೇಟಿಗಳಲ್ಲಿ ಇದನ್ನು ನಡೆಸಲಾಗುತ್ತದೆ.

ಮೊದಲ ಭೇಟಿಗಳಲ್ಲಿ ರೋಗಿ ಮತ್ತು ಚಿಕಿತ್ಸಕ ಸೇರಿ ಮೇಲೆ ವಿವರಿಸಿದ ಸುಳಿಯನ್ನು ರೋಗಿಯದೇ ಉದಾಹರಣೆಗಳಿಂದ ಕಾಗದದ ಮೇಲೆ ಬರೆಯುತ್ತಾರೆ. ನಂತರ ಒಂದೇ ಸಂಭಾಷಣೆಯನ್ನು ಎರಡು ಬಾರಿ ನಡೆಸಲಾಗುತ್ತದೆ: ಒಮ್ಮೆ ಸುರಕ್ಷತಾ ವರ್ತನೆಗಳೊಡನೆ, ತನ್ನನ್ನೇ ಗಮನಿಸುತ್ತ, ಇನ್ನೊಮ್ಮೆ ಅವನ್ನು ಬಿಟ್ಟು, ಎದುರಿನವರ ಮಾತಿಗೆ ಗಮನ ಕೊಟ್ಟು. ಎರಡನೆಯ ಬಾರಿ ಆತಂಕ ಕಡಿಮೆಯಾಗಿರುವುದನ್ನು ಕಂಡು ರೋಗಿಗೆ ಆಶ್ಚರ್ಯವಾಗುವುದುಂಟು. ಇದನ್ನು ವಿಡಿಯೊ ಚಿತ್ರೀಕರಿಸಿ ತೋರಿಸುವ ಕ್ರಮವೂ ಇದೆ. ತನ್ನ ಕೈ ಎಲೆಯಂತೆ ಅದುರುತ್ತಿತ್ತೆಂದು ನಂಬಿದ್ದವನು ವಿಡಿಯೊದಲ್ಲಿ ಅದು ಕಾಣಿಸುವುದೇ ಇಲ್ಲವೆಂಬುದನ್ನು ಸ್ವತಃ ನೋಡುತ್ತಾನೆ.

ಮುಂದಿನ ಹಂತ ಕೋಣೆಯ ಹೊರಗಿನ ಅಭ್ಯಾಸ. ಭಯದ ಸಂದರ್ಭಗಳನ್ನು ಕಡಿಮೆಯಿಂದ ಹೆಚ್ಚಿನ ಕ್ರಮದಲ್ಲಿ ಮೆಟ್ಟಿಲುಗಳಂತೆ ಜೋಡಿಸಿ ಒಂದೊಂದಾಗಿ ಎದುರಿಸಲಾಗುತ್ತದೆ. ಮೆಟ್ಟಿಲುಗಳು ರೋಗಿಯ ಊರು ಮತ್ತು ದಿನಚರಿಗೆ ಹೊಂದಬೇಕು. ಉಡುಪಿ ಪರಿಸರದ ವಿದ್ಯಾರ್ಥಿಯೊಬ್ಬನಿಗೆ ಕಾರ್ಕಳದ ಪೇಟೆಯ ಅಂಗಡಿಯಲ್ಲಿ ವಸ್ತುವೊಂದರ ಬೆಲೆ ಕೇಳಿ ಕೊಳ್ಳದೆ ಬರುವುದು ಮೊದಲ ಮೆಟ್ಟಿಲಾಗಬಹುದು. ತುಂಬಿದ ಖಾಸಗಿ ಬಸ್ಸಿನಲ್ಲಿ ಹಿಂದಿನಿಂದ ಕಂಡಕ್ಟರನಿಗೆ ಕೇಳುವಂತೆ ತನ್ನ ಸ್ಟಾಪಿನ ಹೆಸರು ಕೂಗುವುದು, ರವಿವಾರದ ಸಂಜೆ ಕಾಪು ಕಡಲತೀರದ ಜನಸಂದಣಿಯಲ್ಲಿ ಮೊಬೈಲ್ ತೆಗೆಯದೆ ಒಬ್ಬನೇ ನಡೆಯುವುದು, ಹೋಟೆಲಿನಲ್ಲಿ ಅಪರಿಚಿತರ ಮೇಜಿನಲ್ಲಿ ಕುಳಿತು ಮಸಾಲೆದೋಸೆ ತಿನ್ನುವುದು, ದೇವಸ್ಥಾನದ ಹಂತಿಯೂಟದಲ್ಲಿ ಇನ್ನೊಮ್ಮೆ ಸಾರು ಕೇಳುವುದು, ಕೊನೆಗೆ ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವುದು ಮುಂದಿನ ಮೆಟ್ಟಿಲುಗಳು.

ಇಲ್ಲಿ ಕೇವಲ ಧೈರ್ಯ ತಂದುಕೊಂಡು ಮಾಡಿ ಮುಗಿಸುವುದು ಉದ್ದೇಶವಲ್ಲ. ಏನು ಕೆಡುಕಾಗುವುದೆಂದು ಮೊದಲೇ ಬರೆದಿಟ್ಟು, ನಂತರ ನಿಜವಾಗಿ ಏನಾಯಿತೆಂದು ನೋಡಿ ಹೋಲಿಸುವುದು ಮುಖ್ಯ. ಚಿಕಿತ್ಸಕರು ಕೆಲವೊಮ್ಮೆ ಬೇಕೆಂದೇ ಸಣ್ಣ ತಪ್ಪು ಮಾಡಿಸುತ್ತಾರೆ: ಚಿಲ್ಲರೆಯನ್ನು ಕೆಳಗೆ ಬೀಳಿಸುವುದು, ಮಾತಿನ ನಡುವೆ ಸುಮ್ಮನೆ ನಿಲ್ಲುವುದು. ತಪ್ಪೇ ಆಗದಂತೆ ನೋಡಿಕೊಳ್ಳುವುದಕ್ಕಿಂತ, ತಪ್ಪಾದರೂ ಜನ ಅರೆಕ್ಷಣ ನೋಡಿ ತಮ್ಮ ಕೆಲಸಕ್ಕೆ ಮರಳುತ್ತಾರೆ ಎಂಬ ಅನುಭವ ಭೀತಿಯನ್ನು ಹೆಚ್ಚು ಸಡಿಲಿಸುತ್ತದೆ.

ಮನೆಯವರು ಮಾಡುವ ಎರಡು ಸಾಮಾನ್ಯ ತಪ್ಪುಗಳಿವೆ. ಒಂದು, ಮಗನ ಪರವಾಗಿ ತಾವೇ ಎಲ್ಲೆಡೆ ಮಾತನಾಡಿ ಅವನ ಅವಕಾಶ ಕಸಿಯುವುದು. ಇನ್ನೊಂದು, ನೆಂಟರಿಷ್ಟರ ಎದುರು ಒತ್ತಾಯದಿಂದ ಹಾಡಿಸುವುದು, ಮಾತನಾಡಿಸುವುದು. ಸಿದ್ಧತೆಯಿಲ್ಲದ ಇಂತಹ ಒತ್ತಾಯ ಚಿಕಿತ್ಸೆಯ ಮೆಟ್ಟಿಲುಗಳಂತೆ ಕಂಡರೂ ಫಲ ತದ್ವಿರುದ್ಧ.

ಔಷಧಗಳು

ಮಿದುಳಿನ ಸೆರೊಟೋನಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು ಮೊದಲ ಆಯ್ಕೆ. ಪ್ಯಾರಾಕ್ಸೆಟಿನ್ ಎಂಬ ಔಷಧಕ್ಕೆ ಸಾಮಾಜಿಕ ಭೀತಿಯ ಚಿಕಿತ್ಸೆಗಾಗಿ ಅಮೆರಿಕದಲ್ಲಿ 1999ರಲ್ಲಿ ಅನುಮತಿ ದೊರೆಯಿತು. ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಹಾಗೂ ಬೇರೊಂದು ಗುಂಪಿನ ವೆನ್ಲಾಫ್ಯಾಕ್ಸಿನ್ ಸಹ ಬಳಕೆಯಲ್ಲಿವೆ. ಇವುಗಳ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ತಳಮಳ ಹೆಚ್ಚಿದಂತೆ ಅನಿಸುವುದರಿಂದ ಅನೇಕರು ಅಲ್ಲಿಗೇ ಬಿಡುತ್ತಾರೆ. ಗುಣ ಕಂಡ ನಂತರವೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕಾಗುತ್ತದೆ. ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ನಿದ್ರಾಭಂಗ ಮುಂತಾದ ತೊಂದರೆಗಳು ಬರಬಹುದು. 25 ವರ್ಷಕ್ಕಿಂತ ಕಿರಿಯರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆಗಳು ಹೆಚ್ಚುವ ಸಾಧ್ಯತೆಯ ಬಗ್ಗೆ ನಿಗಾ ಅಗತ್ಯ.

ವೇದಿಕೆಯ ಭಯಕ್ಕೆ ಮಾತ್ರ, ಕಾರ್ಯಕ್ರಮಕ್ಕೆ ಮುಂಚೆ ಪ್ರೊಪ್ರನೊಲಾಲ್ ಎಂಬ ಔಷಧವನ್ನು ವೈದ್ಯರು ಕೆಲವೊಮ್ಮೆ ಸೂಚಿಸುತ್ತಾರೆ. ಇದು ನಡುಕ ಮತ್ತು ಎದೆಬಡಿತವನ್ನು ತಗ್ಗಿಸುತ್ತದೆ, ಆದರೆ ವ್ಯಾಪಕವಾದ ಸಾಮಾಜಿಕ ಭೀತಿಗೆ ಉಪಯುಕ್ತವಲ್ಲ; ಆಸ್ತಮಾ ಇರುವವರಿಗೆ ಅಪಾಯಕಾರಿ. ಕ್ಲೊನಜೆಪಾಮ್‌ನಂತಹ ಔಷಧಗಳು ಬೇಗನೆ ಶಮನ ನೀಡಿದರೂ ಅವಲಂಬನೆ ಉಂಟುಮಾಡುವುದರಿಂದ ದೀರ್ಘಕಾಲ ಬಳಸುವುದು ಸೂಕ್ತವಲ್ಲ.

ಉಡುಪಿ ಜಿಲ್ಲೆಯಲ್ಲಿ

1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ರಚನೆಯಾದ ಉಡುಪಿ ಜಿಲ್ಲೆಯು ಮಾನಸಿಕ ಆರೋಗ್ಯ ಸೇವೆಯ ವಿಷಯದಲ್ಲಿ ರಾಜ್ಯದ ಅನೇಕ ಜಿಲ್ಲೆಗಳಿಗಿಂತ ಅನುಕೂಲಕರ ಸ್ಥಿತಿಯಲ್ಲಿದೆ. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮತ್ತು ಅದರ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದ್ದು, ಮಣಿಪಾಲದಲ್ಲಿ ಚಿಕಿತ್ಸಾ ಮನೋವಿಜ್ಞಾನದ ಶಿಕ್ಷಣವೂ ನಡೆಯುತ್ತದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿರುವ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯು ಮಾನಸಿಕ ಚಿಕಿತ್ಸೆ ಹಾಗೂ ಮದ್ಯವ್ಯಸನಮುಕ್ತಿಗೆ ಹೆಸರಾಗಿದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆ ಅಜ್ಜರಕಾಡಿನಲ್ಲಿದೆ. ನಿಮ್ಹಾನ್ಸ್ 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನು ಆಧರಿಸಿ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ನಂತರ ರಾಜ್ಯದ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ಮಾಡಲಾಗಿದೆ.

ಆಸ್ಪತ್ರೆ ಹತ್ತಿರವಿದ್ದ ಮಾತ್ರಕ್ಕೆ ಚಿಕಿತ್ಸೆ ಹತ್ತಿರವಾಗುವುದಿಲ್ಲ. ಕಾಪುವಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸಿನ ದಾರಿ ಅರ್ಧ ಗಂಟೆಯಷ್ಟೇ. ಆದರೆ ಎಲ್ಲರೂ ಎಲ್ಲರ ಪರಿಚಯದವರಾಗಿರುವ ಊರುಗಳಲ್ಲಿ, ಮನೋವೈದ್ಯರ ಕೋಣೆಯ ಮುಂದೆ ಕುಳಿತಿರುವುದನ್ನು ಯಾರಾದರೂ ನೋಡುವರೆಂಬ ಅಳುಕು ಪ್ರಬಲ. ಸಾಮಾಜಿಕ ಭೀತಿಯುಳ್ಳವನಿಗೆ ಅದು ಇಮ್ಮಡಿ. ಸಾಮಾನ್ಯ ಆಸ್ಪತ್ರೆಯೊಳಗೇ ಮನೋವೈದ್ಯಕೀಯ ವಿಭಾಗ ಇರುವುದರಿಂದ ಈ ಅಳುಕು ಸ್ವಲ್ಪ ಕಡಿಮೆಯಾಗುತ್ತದೆ.

ಶಾಲೆಗಳಲ್ಲಿ ಇನ್ನೊಂದು ತೊಡಕಿದೆ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಹಲವು ವರ್ಷಗಳಿಂದ ರಾಜ್ಯದ ಮೇಲಿನ ಸ್ಥಾನಗಳಲ್ಲಿವೆ. ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು, ಗಲಾಟೆ ಮಾಡದೆ ಹಿಂದಿನ ಬೆಂಚಿನಲ್ಲಿ ಕುಳಿತಿರುವ ಮಗುವನ್ನು ಕುರಿತು ಅಧ್ಯಾಪಕರಾಗಲಿ ಪೋಷಕರಾಗಲಿ ಚಿಂತಿಸುವುದಿಲ್ಲ. ಪದವಿಯ ಸೆಮಿನಾರ್, ಆಸ್ಪತ್ರೆಯ ವಾರ್ಡಿನಲ್ಲಿ ಪ್ರಾಧ್ಯಾಪಕರೆದುರು ರೋಗಿಯ ವಿವರ ಮಂಡಿಸುವುದು, ಉದ್ಯೋಗದ ಸಂದರ್ಶನ ಇವು ಎದುರಾದಾಗ ಅಷ್ಟು ವರ್ಷ ಮರೆಯಾಗಿದ್ದ ಕಾಯಿಲೆ ಹೊರಬೀಳುತ್ತದೆ. ಅಲ್ಲಿಯವರೆಗೆ 'ಅವನು ಹುಟ್ಟಿನಿಂದ ಹಾಗೆಯೇ' ಎಂಬ ಮಾತಿನಲ್ಲಿ ಅದು ಮುಚ್ಚಿಹೋಗಿರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿಯೂ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಎಂದೂ ಚಿಕಿತ್ಸೆ ಕೋರುವುದಿಲ್ಲ. ಕೋರುವವರು ಲಕ್ಷಣಗಳು ಆರಂಭವಾಗಿ 15–20 ವರ್ಷಗಳ ನಂತರ ಬರುತ್ತಾರೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಮೂಲಕ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿ ಉಚಿತವಾಗಿ ಸಲಹೆ ಪಡೆಯಬಹುದು. ಫೋನಿನಲ್ಲಿ ಮಾತನಾಡುವುದೇ ಕಷ್ಟವೆನಿಸುವ ರೋಗಿಯ ಪರವಾಗಿ ಮನೆಯವರು ಮೊದಲ ಕರೆಯನ್ನು ಮಾಡಬಹುದು. 2018ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಯ ಮಾಹಿತಿಯನ್ನು ಗೌಪ್ಯವಾಗಿಡುವ ಹಕ್ಕನ್ನು ನೀಡುವುದಲ್ಲದೆ, ದೈಹಿಕ ಕಾಯಿಲೆಗಳಿಗಿರುವಂತೆಯೇ ಮಾನಸಿಕ ಕಾಯಿಲೆಗಳಿಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ವಿಮಾ ಕಂಪನಿಗಳಿಗೆ ವಿಧಿಸುತ್ತದೆ.